ಅಡ್ವಾನ್ಸ್ ಪುಸ್ತಕ

ಜೂನ್ 3, 2025, ಮಂಗಳವಾರ, ದೊಡ್ಡಬಳ್ಳಾಪುರ

ಇಂಗ್ಲೆಂಡಿನ ಖರೀದಿದಾರರು ಪ್ರಶ್ನಾವಳಿ ಕಳಿಸಿದ್ದಾರೆ. ವರ್ಷಕ್ಕೆ 3.6 ಕೋಟಿ ಪೌಂಡ್ ವಹಿವಾಟು ಮುಟ್ಟಿದ ಕಂಪನಿಗಳು, ತಮ್ಮಲ್ಲೂ ತಮಗೆ ಸರಕು ಕೊಡುವವರಲ್ಲೂ ಗುಲಾಮಗಿರಿ ಇರದಂತೆ ಏನು ಮಾಡಿದ್ದೇವೆಂದು ಪ್ರತಿವರ್ಷ ಹೇಳಿಕೆ ಕೊಡಬೇಕೆನ್ನುತ್ತದೆ ಅವರ 2015ರ ಕಾಯ್ದೆ. ಏಪ್ರನ್, ಅಡುಗೆಮನೆ ಟವೆಲ್ ಹೊಲಿಯುವ ನಮ್ಮ ಸಣ್ಣ ಘಟಕಕ್ಕೆ ಆ ಕಾಯ್ದೆ ಅನ್ವಯಿಸುವುದಿಲ್ಲ, ಆದರೆ ಅವರ ಪ್ರಶ್ನೆಗಳಿಗೆ ಉತ್ತರಿಸಲೇಬೇಕು. "ಎಲ್ಲದಕ್ಕೂ ಇಲ್ಲ ಅಂತ ಟಿಕ್ ಹಾಕು, ಸಂಜೆಯೊಳಗೆ ಕಳಿಸೋಣ" ಅಂದ ಅಣ್ಣ. ನಾನು ತಡೆದೆ. ಹೊಲಿಗೆ ಲೈನಿನ ಹೆಂಗಸರು ಸುತ್ತಲ ಹಳ್ಳಿಯವರು; ಸಂಜೆ ಮನೆಗೆ ಹೋಗುತ್ತಾರೆ, ಸಂಬಳ ಅವರವರ ಖಾತೆಗೇ ಬೀಳುತ್ತದೆ. ಪ್ಯಾಕಿಂಗಿನ ಒಡಿಶಾ ಹುಡುಗಿಯರು ಮಾತ್ರ ಕಂಟ್ರಾಕ್ಟರನ ಕಡೆಯವರು. ಅವರನ್ನು ಕೇಳದೆ ನಾನು ಏನನ್ನೂ ಬರೆದು ಕಳಿಸುವುದಿಲ್ಲ.

ಜೂನ್ 8, ಭಾನುವಾರ

ಸೂಪರ್‌ವೈಸರ್ ಜೊತೆ ಹುಡುಗಿಯರ ರೂಮಿಗೆ ಹೋಗಿದ್ದೆ. ಗೇಟಿಗೆ ಬೀಗ, ಕೀಲಿ ಕಂಟ್ರಾಕ್ಟರನ ಆಳಿನ ಕೈಯಲ್ಲಿ. ಅವನನ್ನು ಹೊರಗೆ ಕಳಿಸಿ ಕೂತೆವು. ಸ್ವಲ್ಪ ಹೊತ್ತು ಯಾರೂ ಬಾಯಿಬಿಡಲಿಲ್ಲ. ಊರಿನ ಹಬ್ಬದ ಮಾತು ತೆಗೆದ ಮೇಲೆ ಮಾತು ಬಂತು. ಬರುವ ವಾರಾಂತ್ಯಕ್ಕೆ ಅವರ ಕಡೆ ರಜೊ ಹಬ್ಬ. ಭೂಮಿ ಮುಟ್ಟಾಗುವ ದಿನಗಳೆಂದು ಉಳುವುದಿಲ್ಲ, ಅಗೆಯುವುದಿಲ್ಲ; ಹೆಣ್ಣುಮಕ್ಕಳಿಗೆ ಕೆಲಸವಿಲ್ಲ, ಹೊಸಬಟ್ಟೆ, ಉಯ್ಯಾಲೆ. "ಹೋಗ್ತೀರಾ?" ಅಂದೆ. "ಹಿಸಾಬ್ ಮುಗಿದಿಲ್ಲ ದೀದಿ" ಎಂದಳು ಎಲ್ಲರಿಗಿಂತ ಚಿಕ್ಕವಳು. ಕಂಟ್ರಾಕ್ಟರ್ ಅವಳ ಅಪ್ಪನ ಕೈಗೆ 8,000 ಅಡ್ವಾನ್ಸ್ ಕೊಟ್ಟು ಕರೆತಂದಿದ್ದಾನಂತೆ. ಆಧಾರ್, ಎಟಿಎಂ ಕಾರ್ಡ್ ಎಲ್ಲರದ್ದೂ ಅವನ ಹತ್ತಿರ.

ಜೂನ್ 9, ಸೋಮವಾರ

ಕಂಟ್ರಾಕ್ಟರನನ್ನು ಆಫೀಸಿಗೆ ಕರೆಸಿ ಪುಸ್ತಕ ತೆಗೆಸಿದೆ. ಉದ್ದನೆಯ ಪಾಕೆಟ್ ನೋಟ್‌ಬುಕ್ಕು, ಒಬ್ಬೊಬ್ಬರಿಗೆ ಒಂದೊಂದು ಪುಟ. ಆ ಚಿಕ್ಕ ಹುಡುಗಿಯ ಪುಟದಲ್ಲಿ ಅಡ್ವಾನ್ಸಿನ ಕೆಳಗೆ ರೈಲು, ರೂಮು, ಅಕ್ಕಿ, ರೀಚಾರ್ಜು, ಜ್ವರ ಬಂದಾಗಿನ ಡಾಕ್ಟರ ಫೀಸು. ಜ್ವರದಲ್ಲಿ ಮಲಗಿದ ದಿನಗಳ ಕೂಲಿಯನ್ನೂ ಸಾಲಕ್ಕೆ ಸೇರಿಸಿದ್ದಾನೆ. ಐದು ತಿಂಗಳು ದುಡಿದ ಮೇಲೆ ಬಾಕಿ 9,400!

"ಕಾರ್ಡ್ ಕೈಗೆ ಕೊಟ್ರೆ ಓಡಿಹೋಗ್ತಾರೆ ಮೇಡಂ. ಎಲ್ಲಾ ಕಡೆ ಹೀಗೇ ನಡೆಯೋದು."

ಹೀಗೇ ನಡೆಯುವುದನ್ನೇ 1976ರ ಜೀತಪದ್ಧತಿ ರದ್ದತಿ ಕಾಯ್ದೆ ಅಪರಾಧ ಎನ್ನುತ್ತದೆ. ಬೇಡಿ ಹಾಕಿರಬೇಕಿಲ್ಲ, ಸಾಲಕ್ಕಾಗಿ ಬೇರೆ ಕೆಲಸ ಹುಡುಕುವ, ಎಲ್ಲಿಗಾದರೂ ಹೋಗುವ ಸ್ವಾತಂತ್ರ್ಯ ಕಳೆದುಕೊಂಡಿದ್ದರೆ ಸಾಕು. ಅಂಥ ಸಾಲ ತೀರಿಸಬೇಕಾದ್ದೇ ಇಲ್ಲ. ಅದು ಜೀತದ ಸಾಲ ಅಲ್ಲವೆಂದು ಸಾಧಿಸುವ ಹೊಣೆಯೂ ಕೊಟ್ಟವನದ್ದೇ. ಕನಿಷ್ಠ ಕೂಲಿಗಿಂತ ಕಡಿಮೆ ಕೊಟ್ಟು ದುಡಿಸಿಕೊಳ್ಳುವುದೂ ಸಂವಿಧಾನದ 23ನೇ ವಿಧಿ ನಿಷೇಧಿಸಿದ ಬಲವಂತದ ದುಡಿಮೆಯೇ ಎಂದು ಸುಪ್ರೀಂ ಕೋರ್ಟ್ 1982ರಲ್ಲೇ, ಏಷ್ಯನ್ ಗೇಮ್ಸ್ ಕಾಮಗಾರಿಯ ಕಾರ್ಮಿಕರ ಪ್ರಕರಣದಲ್ಲಿ ಹೇಳಿದೆ. ಕಾರ್ಡುಗಳನ್ನು ಈಸಿಕೊಂಡು ಅವರವರ ಕೈಗೆ ಕೊಟ್ಟೆ. ಗೇಟಿನ ಬೀಗ ತೆಗೆಸಿದೆ.

ಜೂನ್ 11, ಬುಧವಾರ

ಕಂಟ್ರಾಕ್ಟರನನ್ನು ಬಿಟ್ಟು ಸುಮ್ಮನಾದರೆ ಸಾಕೆಂದು ಅಣ್ಣನ ವಾದ. ಬಿಟ್ಟರೆ ಅವನು ಇವರನ್ನೇ ಇನ್ನೊಂದು ಫ್ಯಾಕ್ಟರಿಗೆ ಸಾಗಿಸುತ್ತಾನೆ, ಸಾಲದ ಪುಟವೂ ಜೊತೆಗೆ ಹೋಗುತ್ತದೆ. ಹುಡುಗಿಯರ ಒಪ್ಪಿಗೆ ಕೇಳಿ ಉಪವಿಭಾಗಾಧಿಕಾರಿ ಕಚೇರಿಗೆ ಹೋದೆವು. ಅರ್ಜಿಗೆ ಆ ಪುಸ್ತಕದ ಜೆರಾಕ್ಸ್ ಲಗತ್ತಿಸಿ, ಹುಡುಗಿಯರ ಹೇಳಿಕೆ ಬರೆಸಿದೆವು. ಜೀತವೆಂದು ತೀರ್ಮಾನವಾದರೆ ಬಿಡುಗಡೆ ಪತ್ರ ಸಿಗುತ್ತದೆ, ತಕ್ಷಣಕ್ಕೆ 30,000 ರೂಪಾಯಿವರೆಗೆ ನೆರವೂ ಇದೆ. ಕಂಟ್ರಾಕ್ಟರ್ ಕೂಲಿ ಕೊಡದಿದ್ದರೆ ಮೂಲ ಮಾಲೀಕ ಕೊಡಬೇಕೆನ್ನುತ್ತದೆ ಕಾನೂನು. ಹಾಗಾಗಿ ಹುಡುಗಿಯರ ಬಾಕಿ ಸಂಬಳ ನಾವೇ ಖಾತೆಗೆ ಹಾಕಿದೆವು. ನಾಳೆ ಪ್ರಶಾಂತಿ ಎಕ್ಸ್‌ಪ್ರೆಸ್‌ಗೆ ಹೊರಡುತ್ತಾರೆ. ಹಬ್ಬಕ್ಕೆ ಊರಲ್ಲಿರುತ್ತಾರೆ.

ಜೂನ್ 24, ಮಂಗಳವಾರ

ನಮಗೆ ಬಟ್ಟೆ ಕೊಡುವ ತಮಿಳುನಾಡಿನ ಕರೂರಿನ ವ್ಯಾಪಾರಿಗೆ ಫೋನ್ ಮಾಡಿ ನೂಲು ಯಾವ ಮಿಲ್ಲಿನದೆಂದು ಕೇಳಿದೆ. "ಕ್ವಾಲಿಟಿ ಸರಿ ಇದೆಯಲ್ಲಮ್ಮಾ, ಮಿಲ್ಲಿನ ಹೆಸರು ಯಾಕೆ?" ಎಂದರು. ಯಾಕೆಂದರೆ ಆ ಸೀಮೆಯ ನೂಲಿನ ಗಿರಣಿಗಳ ಸುಮಂಗಲಿ ಯೋಜನೆ ನನಗೆ ಗೊತ್ತು. ಬಡವರ ಮನೆಯ ಹುಡುಗಿಯರನ್ನು ಮೂರು ವರ್ಷ ಗಿರಣಿ ಹಾಸ್ಟೆಲಿನಲ್ಲಿಟ್ಟು, ಕೊನೆಗೆ ಮದುವೆಗೆಂದು ಇಡಿಗಂಟು ಕೊಡುವ ಕರಾರು. ಕಾಯಿಲೆಯಾಗಿ ನಡುವೆ ಬಿಟ್ಟು ಹೋದವಳ ಗಂಟು ಎಷ್ಟೋ ಕಡೆ ಗಿರಣಿಯವರ ಪಾಲು. ಇಲ್ಲಿ ಸಾಲ ಕೊಟ್ಟು ಕಟ್ಟಿಹಾಕಿದರೆ ಅಲ್ಲಿ ಸಂಬಳ ಹಿಡಿದು ಕಟ್ಟಿಹಾಕುತ್ತಾರೆ. ಮಿಲ್ಲಿನ ಹೆಸರಿಲ್ಲದ ಬಿಲ್ಲಿಗೆ ಮುಂದಿನ ಆರ್ಡರ್ ಇಲ್ಲವೆಂದೆ. ವಾರ ಟೈಮ್ ಕೇಳಿದ್ದಾರೆ.

ಜುಲೈ 5, ಶನಿವಾರ

ಪ್ರಶ್ನಾವಳಿ ಕಳಿಸಿದೆ, ನಡೆದದ್ದೆಲ್ಲ ಬರೆದು. ಜೊತೆಗೆ ದರದ ಕಾಗದ: ಕಂಟ್ರಾಕ್ಟರನ ಕಮಿಷನ್, ರೈಲು, ರೂಮು ಕಂಪನಿಯದೇ ಖರ್ಚಾದರೆ ಏಪ್ರನ್ನಿಗೆ ಎಷ್ಟು ಹೆಚ್ಚು ಬೀಳುತ್ತದೆಂದು ಬಿಡಿಸಿ ಬರೆದಿದ್ದೇನೆ. ವರ್ಷವರ್ಷ ದರ ಇಳಿಸಿ ಎನ್ನುವವರು ಈ ಲೆಕ್ಕವನ್ನೂ ನೋಡಬೇಕು. ಆರ್ಡರ್ ಹೋದೀತೆಂದು ಅಣ್ಣನಿಗೆ ದಿಗಿಲು. ನನಗೂ ಇದೆ. ಆದರೂ ಕಾಗದಕ್ಕೆ ಅವನೂ ಸಹಿ ಹಾಕಿದ.

ಮಧ್ಯಾಹ್ನ ಆ ಚಿಕ್ಕ ಹುಡುಗಿ ಊರಿಂದ ಫೋನ್ ಮಾಡಿದ್ದಳು. ತಾನೂ ಅಕ್ಕನೂ ನೇರವಾಗಿ ನಮ್ಮಲ್ಲೇ ಕೆಲಸಕ್ಕೆ ಬರುತ್ತಾರಂತೆ. ಟಿಕೆಟ್ ಮಾಡಿಸಲು ಅಕೌಂಟ್ಸ್‌ನವರಿಗೆ ಹೇಳಿದೆ. ಆ ದುಡ್ಡು ಕಂಪನಿ ಖರ್ಚಿಗೆ ಹೋಗಬೇಕು, ಹುಡುಗಿಯರ ಹೆಸರಿಗಲ್ಲ ಎಂದೂ ಹೇಳಿದೆ.