ಕಣಕುಂಬಿಯ ಕೊನೆಯ ಸಾಲು

"ಕಾಕಾ, ಸೌಂಡಿಗೆ ಯಾರಿಗೆ ಹೇಳೂಣು? ಡಾಲ್ಬಿ ತರಿಸಿಬಿಡೂಣೇನು?"

ಡಿಸೆಂಬರಿನ ಒಂದು ಸಂಜೆ ಅಣ್ಣನ ಮಗ ಫೋನು ಮಾಡಿದ. ಅವನಿಗೆ ಕಲಿಸಿದ ಮಾಸ್ತರರಿಗೆ ಹಳೆಯ ವಿದ್ಯಾರ್ಥಿಗಳೆಲ್ಲ ಸೇರಿ ಕಣಕುಂಬಿಯಲ್ಲಿ ಗುರುವಂದನೆ ಇಟ್ಟುಕೊಂಡಿದ್ದರು. ಪೆಂಡಾಲು, ಊಟ, ಶಾಲು, ಹಾರ ಎಲ್ಲ ಗೊತ್ತುಮಾಡಿ ಆಗಿತ್ತು. ಉಳಿದದ್ದು ಸೌಂಡು. ನಮ್ಮ ಕಡೆ ಯಾವ ಕಾರ್ಯಕ್ರಮವೇ ಇರಲಿ, ಕೊನೆಗೆ ಉಳಿಯುವುದು ಅದೇ. ಊಟಕ್ಕೆ ಏನೇನು ಇರಬೇಕೆಂದು ಮೂರು ಸಲ ಕೂತು ಮಾತಾಡುತ್ತೇವೆ. ಬಂದವರ ಕಿವಿಗೆ ಮಾತು ಹೇಗೆ ಮುಟ್ಟೀತು ಎಂದು ಒಂದು ಸಲವೂ ಕೂರುವುದಿಲ್ಲ.

ಬೆಳಗಾವಿ ಸೀಮೆಯಲ್ಲಿ ಡಾಲ್ಬಿ ಅಂದರೆ ಟ್ರಾಲಿಯ ಮೇಲೆ ಗೋಡೆಯಂತೆ ಪೇರಿಸಿದ ಬಾಕ್ಸುಗಳು. ಗಣಪತಿ ಮೆರವಣಿಗೆಯಲ್ಲಿ ಎದೆಗೂಡನ್ನೇ ನಡುಗಿಸುವ ಸದ್ದು. ಆ ಹೆಸರಿನ ಮನುಷ್ಯ ರೇ ಡಾಲ್ಬಿ 1965ರಲ್ಲಿ ಲಂಡನ್ನಿನಲ್ಲಿ ಕಂಪನಿ ಕಟ್ಟಿದ್ದು ಟೇಪಿನ ಹಿಂದೆ ಕೇಳುವ 'ಸುಸ್' ಎಂಬ ಸದ್ದನ್ನು ಕಳೆಯಲಿಕ್ಕೆ. ಮೆಲ್ಲನೆಯ ಸ್ವರವೂ ಶುದ್ಧವಾಗಿ ಕೇಳಲಿ ಎಂದು ಬಾಳೆಲ್ಲ ದುಡಿದವನ ಹೆಸರು ನಮ್ಮಲ್ಲಿ ಇಂಥ ಗೋಡೆಗೆ ಅಂಟಿಕೊಂಡಿದೆಯಲ್ಲ ಎಂದು ನನಗೆ ನಿಜಕ್ಕೂ ನೋವಾಗುತ್ತದೆ.

"ಡಾಲ್ಬಿ ಬ್ಯಾಡ. ನಾಳೆ ಇಬ್ಬರೂ ಕೂಡಿ ಕಣಕುಂಬಿಗೆ ಹೋಗೂಣು, ಮೊದಲ ಜಾಗಾ ನೋಡೂಣು" ಅಂದೆ.

ನಾನು ಹೀಗೆ ಪಟ್ಟು ಹಿಡಿಯಲು ಕಾರಣವಿದೆ. ಕೆಲವು ವರ್ಷಗಳ ಹಿಂದೆ ನನಗೆ ಕಲಿಸಿದ ಗುರುಗಳನ್ನೂ ನಾವು ಹೀಗೇ ಸನ್ಮಾನಿಸಿದ್ದೆವು. ಪತ್ರಾಸಿನ ಮಾಡು, ಸುಣ್ಣದ ಬೋಳು ಗೋಡೆ, ಕೆಳಗೆ ನುಣ್ಣನೆಯ ಫರಸಿ. ಆ ಹಾಲಿನ ಎರಡು ಮೂಲೆಗೆ ಎರಡು ದೊಡ್ಡ ಬಾಕ್ಸು. ಗುರುಗಳಿಗೆ ಎಂಬತ್ತು ದಾಟಿತ್ತು, ದನಿ ತಗ್ಗಿತ್ತು. ಎದ್ದು ನಿಂತು ಹತ್ತು ನಿಮಿಷ ಮಾತಾಡಿದರು. ಏಳನೇ ಸಾಲಿನಲ್ಲಿದ್ದ ನನಗೆ ಕೇಳಿದ್ದು ಒಂದು ಗುಂಯ್ಗಾಟ ಮಾತ್ರ. ದನಿ ಏರಿಸಿದರೆ ಮೈಕು ಕುಂಯ್ ಅನ್ನುತ್ತಿತ್ತು, ಇಳಿಸಿದರೆ ಫ್ಯಾನಿನ ಸದ್ದಿನಲ್ಲಿ ಅವರು ಮುಳುಗುತ್ತಿದ್ದರು. ಕೊನೆಗೆ ಎಲ್ಲರೂ ಚಪ್ಪಾಳೆ ಹೊಡೆದೆವು. ಮುಂದಿನ ಮಳೆಗಾಲವನ್ನು ಅವರು ಕಾಣಲಿಲ್ಲ. ಆ ಹತ್ತು ನಿಮಿಷದಲ್ಲಿ ಅವರು ಏನು ಹೇಳಿದರೆಂದು ನನಗೆ ಇಂದಿಗೂ ಗೊತ್ತಿಲ್ಲ.

ಜಾಂಬೋಟಿ ದಾಟಿದ ಮೇಲೆ ರಸ್ತೆ ಕಾಡಿನೊಳಗೆ ಇಳಿಯುತ್ತ ಏರುತ್ತ ಹೋಗುತ್ತದೆ. ಹಾಗೇ ಮುಂದೆ ಹೋದರೆ ಚೋರ್ಲಾ ಘಾಟು, ಆಚೆ ಗೋವಾ. ಕಣಕುಂಬಿಯಲ್ಲಿ ಮೌಳಿ ದೇವಿಯ ಗುಡಿ, ಅದರ ಮಗ್ಗುಲಲ್ಲಿ ಮಲಪ್ರಭೆಯ ಹುಟ್ಟು. ಮುಂದೆ ಸವದತ್ತಿಯ ಹತ್ತಿರ ಅಣೆಕಟ್ಟು ತುಂಬಿ, ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುವ ಹೊಳೆ ಇಲ್ಲಿ ಸದ್ದೇ ಇಲ್ಲದೆ ಹೊರಡುತ್ತದೆ. ಮಳೆಗಾಲದ ಕಣಕುಂಬಿ ಬೇರೆ. ಆಗ ಮಾಡಿನ ಮೇಲೆ ಬೀಳುವ ಮಳೆಯ ಮುಂದೆ ಯಾವ ಮೈಕೂ ನಿಲ್ಲದು. ಸ್ಪೀಕರಿನೊಳಗಿನ ಕಾಗದದ ಕೋನು ಕೂಡ ಥಂಡಿ ಹಿಡಿದು ಬೂಸು ಬಿಡುತ್ತದೆ. ಡಿಸೆಂಬರಿನಲ್ಲಿ ಊರು ಎಷ್ಟು ಶಾಂತವೆಂದರೆ, ನಾವು ಜೀಪಿನಿಂದ ಇಳಿದು ಬಾಗಿಲು ಹಾಕಿದ ಸದ್ದು ಗುಡ್ಡಕ್ಕೆ ಹೋಗಿ ಬಂತು.

ಬಯಲಿನ ನಡುವೆ ನಿಂತು ಒಂದು ಚಪ್ಪಾಳೆ ಹೊಡೆಯಲು ಹುಡುಗನಿಗೆ ಹೇಳಿದೆ. ಯಾವ ಜಾಗಕ್ಕೆ ಹೋದರೂ ನಾನು ಮೊದಲು ಮಾಡುವುದು ಇದನ್ನೇ. ಚಪ್ಪಾಳೆ ಅಲ್ಲೇ ಸತ್ತರೆ ಮಾತಿಗೆ ಒಳ್ಳೆಯ ಜಾಗ. ಅದು ಗೋಡೆಯಿಂದ ಗೋಡೆಗೆ ಹಾರುತ್ತ ಉಳಿದರೆ ಅಲ್ಲಿ ಎಷ್ಟು ದೊಡ್ಡ ಬಾಕ್ಸು ತಂದರೆ ಅಷ್ಟೂ ಕೇಡು. ಅಂಥ ಕಡೆ ಪರದೆ ಕಟ್ಟಬೇಕು, ನೆಲಕ್ಕೆ ಜಮಖಾನೆ ಹಾಸಬೇಕು. ಜನ ತುಂಬಿದ ಮೇಲೆ ಹಾಲು ಅರ್ಧ ತಾನಾಗಿ ಸುಧಾರಿಸುತ್ತದೆ, ಮೈಮೇಲಿನ ಬಟ್ಟೆ ಸದ್ದನ್ನು ಕುಡಿಯುತ್ತದೆ. ನಮ್ಮದು ಬಯಲು. ಗೋಡೆಯ ಚಿಂತೆ ಇರಲಿಲ್ಲ.

"ಎಷ್ಟು ವ್ಯಾಟು ಬೇಕು, ಕಾಕಾ?"

ಇದು ಎಲ್ಲರೂ ಕೇಳುವ ಪ್ರಶ್ನೆ. ಬಾಡಿಗೆ ಕೊಡುವವರು ಹೇಳುವ ಲೆಕ್ಕವೂ ಅದೇ. ಆದರೆ 500 ವ್ಯಾಟನ್ನು 1000 ಮಾಡಿದರೆ ಸದ್ದು ಏರುವುದು 3 ಡೆಸಿಬಲ್ ಮಾತ್ರ, ಕಿವಿಗೆ ಅದು ಒಂದು ತುಸು. ಕೇಳುವವನಿಗೆ ಎರಡು ಪಟ್ಟು ಜೋರು ಅನ್ನಿಸಬೇಕಾದರೆ ಸುಮಾರು ಹತ್ತು ಪಟ್ಟು ವ್ಯಾಟು ಬೇಕು. ದೂರದ ಲೆಕ್ಕ ಇದಕ್ಕಿಂತ ದೊಡ್ಡದು. ಬಯಲಿನಲ್ಲಿ ದೂರ ಎರಡು ಪಟ್ಟಾದಾಗಲೆಲ್ಲ 6 ಡೆಸಿಬಲ್ ಇಳಿಯುತ್ತದೆ. ಬಾಕ್ಸಿನಿಂದ 1 ಮೀಟರಿನಲ್ಲಿ 90 ಇದ್ದದ್ದು 8 ಮೀಟರಿನಲ್ಲಿ 72, 32 ಮೀಟರಿನಲ್ಲಿ 60. ಇಷ್ಟೆಂದರೆ ಇಬ್ಬರು ಎದುರುಬದುರು ಮಾತಾಡುವಷ್ಟು. ಹಿಂದೆ ಕೂತವನಿಗೆ ಕೇಳಲೆಂದು ಮುಂದಿನ ಬಾಕ್ಸನ್ನೇ ಏರಿಸುತ್ತ ಹೋದರೆ ಮೊದಲ ಸಾಲಿನ ಮುದುಕರ ಕಿವಿ ಹರಿಯುತ್ತದೆ, ಹಿಂದಿನವನಿಗೆ ಆಗಲೂ ಸಾಲುವುದಿಲ್ಲ.

ಅದಕ್ಕೇ ನಾನು ಹೇಳಿದ್ದು ನಾಲ್ಕು ಸಣ್ಣ ಬಾಕ್ಸು. ಎರಡು ವೇದಿಕೆಯ ಪಕ್ಕ, ಎರಡು ಪೆಂಡಾಲಿನ ನಡುವೆ, ಎಲ್ಲವೂ ಸ್ಟ್ಯಾಂಡಿನ ಮೇಲೆ, ಕೂತವರ ತಲೆಗಿಂತ ಎತ್ತರಕ್ಕೆ. ಇಲ್ಲಿ ಒಂದು ಸೂಕ್ಷ್ಮವಿದೆ. ಸದ್ದು ಸೆಕೆಂಡಿಗೆ ಸುಮಾರು 340 ಮೀಟರು ಓಡುತ್ತದೆ, ತಂತಿಯೊಳಗಿನ ವಿದ್ಯುತ್ತು ಅದಕ್ಕೆ ಕಾಯುವುದಿಲ್ಲ. 34 ಮೀಟರು ಆಚೆ ಇನ್ನೊಂದು ಬಾಕ್ಸು ಇಟ್ಟರೆ ಅಲ್ಲಿ ಕೂತವನಿಗೆ ಒಂದೇ ಮಾತು ಸೆಕೆಂಡಿನ ಹತ್ತನೇ ಒಂದು ಭಾಗದ ಅಂತರದಲ್ಲಿ ಎರಡು ಸಲ ಕೇಳಿ ತಲೆ ಕೆಡುತ್ತದೆ. ಹಿಂದಿನ ಜೋಡಿಗೆ ಅಷ್ಟು ತಡ ಕೊಡುವ ಏರ್ಪಾಟು ಈಗ ಸಾಧಾರಣ ಡಿಜಿಟಲ್ ಮಿಕ್ಸರಿನಲ್ಲೂ ಇರುತ್ತದೆ. ಅದನ್ನು ತಿಳಿದ ಹುಡುಗ ಸಿಕ್ಕರೆ ಅವನ ಸಾಮಾನು ಹಳೆಯದಾದರೂ ಸರಿ, ಅವನನ್ನೇ ಹಿಡಿಯಬೇಕು. ಬಾಕ್ಸಿನ ಹೆಸರು ನೋಡಿ ಬಾಡಿಗೆ ಕೊಡುವುದಕ್ಕಿಂತ ಕೈಯ ಹದ ನೋಡಿ ಕೊಡುವುದು ಮೇಲು.

ಹಳೆಯ ಭೋಂಗಾದ ಬಗ್ಗೆ ನನಗೆ ಪ್ರೀತಿಯಿದೆ. ತೆಂಗಿನ ಮರಕ್ಕೆ ಕಟ್ಟಿದ ಅಹುಜಾ ಭೋಂಗಾ ಮದುವೆಯ ಸುದ್ದಿಯನ್ನು ನಾಲ್ಕು ಊರಿಗೆ ಹೇಳುತ್ತಿತ್ತು. ಸಣ್ಣ ಯೂನಿಟ್ಟು, ಅಗಲ ಬಾಯಿ, ಕಡಿಮೆ ವ್ಯಾಟಿಗೆ ಬಹಳ ದೂರ. ಅದರಲ್ಲಿ ಹಾಡು ಸೊರಗುತ್ತದೆ, ಆದರೆ ಮಾತು ಸೀಳಿಕೊಂಡು ಹೋಗುತ್ತದೆ. ಜಾತ್ರೆಯಲ್ಲಿ ಕಳೆದ ಮಗುವಿನ ಹೆಸರು ಕೂಗಲು ಇಂದಿಗೂ ಅದೇ ಸರಿ. ಇದಕ್ಕೆ ಕಾರಣ ವ್ಯಂಜನಗಳು. ಸ್ವರಗಳಿಗೆ ಬಲ ಹೆಚ್ಚು, ಅವು ಹೇಗೂ ಮುಟ್ಟುತ್ತವೆ. ಕ, ತ, ಪ, ಸ ಎಂಬವು ಚೂಪಾದ ಸಣ್ಣ ಸದ್ದುಗಳು. ಬೇಸು ಏರಿಸಿದರೆ ಮೊದಲು ಮುಚ್ಚಿಹೋಗುವುದು ಅವೇ. ಆಗ ಹಾಲು, ಕಾಲು, ಸಾಲು ಮೂರೂ ಒಂದೇ.

ಕಣಕುಂಬಿಯಲ್ಲಿ ಇದು ಇನ್ನೂ ಮುಖ್ಯ. ಅಲ್ಲಿ ಬಹಳ ಮನೆಗಳಲ್ಲಿ ಆಡುವುದು ಮರಾಠಿ, ಕೊಂಕಣಿ. ಮಾಸ್ತರರು ಅಂಥ ಮಕ್ಕಳಿಗೆ ಕನ್ನಡ ಕಲಿಸಿದವರು. ಮನೆಮಾತು ಆಗಿದ್ದರೆ ಅರ್ಧ ಕೇಳಿಸಿದರೂ ಮನಸ್ಸು ಉಳಿದರ್ಧವನ್ನು ತುಂಬಿಕೊಳ್ಳುತ್ತದೆ. ಕಲಿತ ಭಾಷೆಯಲ್ಲಿ ಹಾಗಾಗದು, ಒಂದೊಂದು ಅಕ್ಷರವೂ ಮುಟ್ಟಬೇಕು. ಸೌಂಡು ಆರಿಸುವಾಗ ನನ್ನ ಕಣ್ಣ ಮುಂದೆ ಇದ್ದವರು ಹಾಗೆ ಕನ್ನಡ ಕಲಿತು, ಈಗ ತಾಯಂದಿರಾಗಿ ಕೊನೆಯ ಸಾಲಿನಲ್ಲಿ ಕೂರುವವರು.

ಮೈಕಿನ ಮಾತು ಬಂದಾಗಲೆಲ್ಲ ನನಗೆ ಕುಮಾರ ಗಂಧರ್ವರು ನೆನಪಾಗುತ್ತಾರೆ. ನಮ್ಮ ಸುಳೇಭಾವಿಯಲ್ಲಿ 1924ರಲ್ಲಿ ಹುಟ್ಟಿದವರು. ಕ್ಷಯದಿಂದ ಒಂದು ಶ್ವಾಸಕೋಶ ಕೆಲಸಕ್ಕೆ ಬಾರದಂತಾಗಿ, ವರ್ಷಗಟ್ಟಲೆ ಹಾಡದೆ ಇದ್ದು, ಮತ್ತೆ ಎದ್ದು ಹಾಡಿದರು. ಅಂಥ ಗಿಡ್ಡ ಉಸಿರಿನ, ನವುರಾದ ಸ್ವರವನ್ನು ಕೆಡಿಸದೆ ದೂರ ಒಯ್ಯುವ ಮೈಕು ನನಗೆ ದೊಡ್ಡ ಉಪಕಾರ ಅನ್ನಿಸುತ್ತದೆ. ಮೈಕು ಇರುವುದು ಇಂಥವರಿಗಾಗಿ, ಮುದುಕರಿಗಾಗಿ, ನಾಚುವ ಹುಡುಗಿಯರಿಗಾಗಿ. ಬಾಯಿಗೆ ಒಂದು ಗೇಣಿನೊಳಗೆ ಮೈಕು, ಮೈಕಿನ ಬೆನ್ನ ಕಡೆ, ಜನರತ್ತ ಇನ್ನೂ ಮುಂದಕ್ಕೆ ಬಾಕ್ಸು. ಇಷ್ಟು ನೋಡಿಕೊಂಡರೆ ಕುಂಯ್ ಅನ್ನುವುದು ಬಹುಪಾಲು ನಿಲ್ಲುತ್ತದೆ.

ಹಿಂದಿನ ರಾತ್ರಿ ಹಾಡು ಹಚ್ಚಿ ಕುಣಿಯಬೇಕೆಂದು ಹುಡುಗರಿಗೆ ಆಸೆಯಿತ್ತು. 2000ದ ಶಬ್ದಮಾಲಿನ್ಯ ನಿಯಮದಂತೆ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಕೂಡದು, ಹಗಲಿಗೂ ಲಿಖಿತ ಪರವಾನಗಿ ಬೇಕು. ಆದರೆ ನಾನು ಅವರಿಗೆ ಹೇಳಿದ್ದು ಕಾಡಿನ ಮಾತು. ರಾತ್ರಿ ನೆಲ ತಣ್ಣಗಾಗಿ ಕೆಳಗಿನ ಗಾಳಿ ತಂಪು, ಮೇಲಿನದು ಬೆಚ್ಚಗೆ ಇರುವಾಗ ಸದ್ದು ಆಕಾಶಕ್ಕೆ ಹೋಗದೆ ಬಾಗಿ ಮತ್ತೆ ನೆಲಕ್ಕೇ ಇಳಿಯುತ್ತದೆ, ಹಗಲಿಗಿಂತ ಬಹಳ ದೂರ ಹೋಗುತ್ತದೆ. ಈ ಸೀಮೆಯಲ್ಲೇ 2011ರಲ್ಲಿ ಘೋಷಿಸಿದ ಭೀಮಗಡ ವನ್ಯಜೀವಿಧಾಮವಿದೆ. ಅಲ್ಲಿನ ಬಾರಾಪೇಡೆ ಗುಹೆಗಳ ರಾಟನ್ ಬಾವಲಿ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲವೆಂದೇ ಬಹುಕಾಲ ತಿಳಿದಿದ್ದರು. ಆಮೇಲೆ ಮೇಘಾಲಯ, ಕಾಂಬೋಡಿಯಾದಲ್ಲಿ ಕಂಡವು. ಬಾವಲಿಗೆ ಕಿವಿಯೇ ಕಣ್ಣು. ಹುಡುಗರು ಒಪ್ಪಿದರು. ರಾತ್ರಿ ಮೈಕಿಲ್ಲದೆ ತಾಳ ಹಿಡಿದು ಭಜನೆ ಮಾಡಿದರು.

ಜನವರಿಯ ಆ ಮುಂಜಾನೆ ಮಂಜು ಸರಿಯುವ ಮೊದಲೇ ಮೈಕಿನ ಹುಡುಗ ವಾಯರು ಎಳೆದಿದ್ದ. ಜನರೇಟರನ್ನು ಪೆಂಡಾಲಿನ ಹಿಂದೆ ದೂರಕ್ಕೆ ಒಯ್ಯಿಸಿದೆ. ಕೊನೆಯ ಸಾಲಿಗೆ ಹೋಗಿ ಕೂತೆ, ವೇದಿಕೆಯ ಮೇಲಿನಿಂದ ಅಣ್ಣನ ಮಗ ಪೇಪರು ಓದಿದ, ಒಂದು ಅಕ್ಷರವೂ ಜಾರಲಿಲ್ಲ. ಆಗ ಇನ್ನೂ ಒಂದು ಗೆರೆ ಇಳಿಸಲು ಹೇಳಿದೆ.

ಮಾಸ್ತರರು ಮಾತಿಗೆ ನಿಂತಾಗ ಪೆಂಡಾಲು ತುಂಬಿತ್ತು. ಅವರು ಭಾಷಣ ಮಾಡಲಿಲ್ಲ. ಮೈಕನ್ನು ಹತ್ತಿರ ಎಳೆದುಕೊಂಡು, ಜೇಬಿನಿಂದ ಮಡಚಿದ ಹಾಳೆ ತೆಗೆದು, ಚಾಳೀಸು ಹಾಕಿಕೊಂಡು, ಹಾಜರಿ ಕರೆಯತೊಡಗಿದರು. ತಗ್ಗಿದ ದನಿ, ಅವಸರವಿಲ್ಲ. ಒಂದು. ಎರಡು. ಮೂರು. ನರೆತ ತಲೆಗಳು ಒಂದೊಂದಾಗಿ ಎದ್ದು ನಿಂತವು. ಕೆಲವು ನಂಬರಿಗೆ ಯಾರೂ ಏಳಲಿಲ್ಲ. ಅಲ್ಲಿ ಮಾಸ್ತರರು ಸ್ವಲ್ಪ ಹೊತ್ತು ತಡೆದು ಮುಂದೆ ಹೋಗುತ್ತಿದ್ದರು. ಆ ಮೌನದಲ್ಲಿ ಅವರ ಉಸಿರೂ ನಮಗೆ ಕೇಳುತ್ತಿತ್ತು.

"ಹದಿನೇಳು?"

ನನ್ನ ಪಕ್ಕದಲ್ಲಿ, ಕಂಬಕ್ಕೆ ಒರಗಿ ಕೂತಿದ್ದ ಹೆಂಗಸು ಸೆರಗು ಸರಿಮಾಡಿಕೊಂಡು ಎದ್ದಳು.

"ಬಂದೇನ್ರಿ, ಸರ್."