ಜನವರಿ ಇಪ್ಪತ್ತಾರು

ನಮ್ಮ ನಡುಮನೆಯ ಗೋಡೆಯಲ್ಲಿ ಒಂದೇ ಮೊಳೆಗೆ ಎರಡು ಕಾಲಗಣನೆಗಳು ತೂಗುತ್ತಿರುವುವು. ಒಂದು ಪಂಚಾಂಗ, ಇನ್ನೊಂದು ದಿನಕ್ಕೊಂದು ಹಾಳೆ ಹರಿಯುವ ಕ್ಯಾಲೆಂಡರು. ಹಬ್ಬ, ವ್ರತ, ಶ್ರಾದ್ಧಗಳಿಗೆ ಮೊದಲನೆಯದು. ಸಂಬಳ, ಬಾಡಿಗೆ, ಶಾಲೆಯ ರಜಗಳಿಗೆ ಎರಡನೆಯದು. ಇವೆರಡಕ್ಕೂ ಎಂದೂ ಜಗಳವಾದುದಿಲ್ಲ. ಆದರೆ ಜನವರಿ 26ನೆಯ ತಾರೀಖು ಬಂದಾಗ ಮಾತ್ರ, ಯಾವುದನ್ನು ಅನುಸರಿಸಿ ನಡೆಯಬೇಕೆಂಬ ಸಂದೇಹವು ನಮಗುಂಟಾಗುವುದು.

ಈ ತಾರೀಖು ತಾನಾಗಿ ಒದಗಿಬಂದುದಲ್ಲ, ಆರಿಸಿಕೊಂಡುದು. 1929ರ ಡಿಸೆಂಬರಿನಲ್ಲಿ ಲಾಹೋರಿನಲ್ಲಿ ನೆರೆದ ಕಾಂಗ್ರೆಸ್ಸು ಪೂರ್ಣಸ್ವರಾಜ್ಯವೇ ಗುರಿಯೆಂದು ನಿರ್ಣಯಿಸಿತು. ಮರುತಿಂಗಳ ಕೊನೆಯ ಭಾನುವಾರ, ಎಂದರೆ 1930ರ ಜನವರಿ 26ರಂದು, ಜನರು ಊರೂರುಗಳಲ್ಲಿ ಸೇರಿ ಪ್ರತಿಜ್ಞೆ ಕೈಗೊಂಡರು. ಅಲ್ಲಿಂದಾಚೆಗೆ ವರ್ಷವರ್ಷವೂ ಅದನ್ನು ಸ್ವಾತಂತ್ರ್ಯದಿನವೆಂದು ನೋಂಪಿಯಂತೆ ನಡೆಸಿಕೊಂಡು ಬಂದರು. ಸ್ವಾತಂತ್ರ್ಯವಾದರೋ ಬಂದುದು 1947ರ ಆಗಸ್ಟ್ 15ರಂದು! ಹಳೆಯ ದಿನವು ದಿಕ್ಕಿಲ್ಲದಂತಾಯಿತು. 1949ರ ನವೆಂಬರ್ 26ರಂದೇ ಅಂಗೀಕೃತವಾದ ಸಂವಿಧಾನವು ಪೂರ್ಣವಾಗಿ ಜಾರಿಗೆ ಬರಲು ಎರಡು ತಿಂಗಳು ಕಾದುದು ಆ ದಿನದ ಋಣವನ್ನು ತೀರಿಸಲೆಂದೇ. 1950ರ ಜನವರಿ 26ರ ಬೆಳಿಗ್ಗೆ ರಾಜೇಂದ್ರಪ್ರಸಾದರು ಮೊದಲನೆಯ ರಾಷ್ಟ್ರಪತಿಗಳಾಗಿ ಪ್ರಮಾಣವಚನವನ್ನು ಸ್ವೀಕರಿಸಿದರು. ಹಿರಿಯರ ಮಾತನ್ನು ಉಳಿಸುವುದಕ್ಕಾಗಿ ಮುಹೂರ್ತವನ್ನು ಮುಂದಕ್ಕೆ ಹಾಕಿದ ಸಂಸಾರಗಳನ್ನು ನಾವು ಕಂಡಿರುವೆವು. ಒಂದು ದೇಶವೇ ಹಾಗೆ ಮಾಡಿದುದು ನಮಗೆ ಬಹಳ ಮೆಚ್ಚಿಕೆಯಾದ ಸಂಗತಿ.

ಇಷ್ಟನ್ನು ಶಾಲೆಯ ಮಕ್ಕಳೂ ಬಲ್ಲರು. ಹಳ್ಳಿಯ ಶಾಲೆಯಲ್ಲಿ ಉಪಾಧ್ಯಾಯರಾಗಿದ್ದ ನಮ್ಮ ತಂದೆಯವರು ಆ ದಿನ ಧ್ವಜವೇರಿಸಿದ ಮೇಲೆ ದಿಲ್ಲಿಯ ವಿಷಯವನ್ನು ನಾಲ್ಕು ಮಾತಿನಲ್ಲಿ ಮುಗಿಸಿ, ನೇರವಾಗಿ ನಂದಗಡಕ್ಕೆ ಬಂದುಬಿಡುತ್ತಿದ್ದರು. ಬೆಳಗಾವಿ ಜಿಲ್ಲೆಯ ಆ ಊರಿನಲ್ಲಿ 1831ರ ಜನವರಿ 26ರಂದು ಸಂಗೊಳ್ಳಿ ರಾಯಣ್ಣನನ್ನು ಗಲ್ಲಿಗೇರಿಸಿದರು. 1824ರಲ್ಲಿ ಕಿತ್ತೂರಿನ ಕೋಟೆಯು ಕಂಪನಿಯವರ ವಶವಾಗಿ, ಚೆನ್ನಮ್ಮರಾಣಿಯು ಬೈಲಹೊಂಗಲದ ಸೆರೆಯಲ್ಲಿ 1829ರಲ್ಲಿ ಕಣ್ಣುಮುಚ್ಚಿದಳು. ಅಷ್ಟಕ್ಕೆ ಎಲ್ಲವೂ ತೀರಿತೆಂದು ಕಂಪನಿಯವರು ತಿಳಿದಿರಬೇಕು. ರಾಯಣ್ಣನಾದರೋ, ರಾಣಿಯ ದತ್ತುಮಗ ಶಿವಲಿಂಗಪ್ಪನಿಗೆ ಗದ್ದುಗೆ ದೊರೆಯಲೇಬೇಕೆಂದು, ಕಾಡುಗಳಲ್ಲಿ ಅಡಗಿ, ಬಡಜನರ ದಂಡು ಕಟ್ಟಿ, ಕಚೇರಿಗಳನ್ನು ಸುಟ್ಟು ಸರಕಾರವನ್ನು ಹಣ್ಣುಮಾಡಿದನು. ಕಡೆಗೆ ನಮ್ಮವರೇ ಹಿಡಿದುಕೊಟ್ಟರು. ಈ ಮಾತು ಬಂದಾಗ ತಂದೆಯವರು ಮಕ್ಕಳ ಮೋರೆಗಳನ್ನು ನೋಡದೆ ಧ್ವಜದ ಹಗ್ಗವನ್ನು ನೋಡುತ್ತಿದ್ದರು. ರಾಯಣ್ಣನ ಸಮಾಧಿಯ ಬಳಿಯಲ್ಲಿರುವ ಆಲದ ಮರಕ್ಕೆ ಮಕ್ಕಳಿಲ್ಲದವರು ಪುಟ್ಟ ತೊಟ್ಟಿಲುಗಳನ್ನು ಕಟ್ಟಿ ಹರಕೆ ಹೊರುವರು. ಕಥೆಯು ಆ ತೊಟ್ಟಿಲುಗಳಲ್ಲಿ ನಿಲ್ಲುತ್ತಿದ್ದಿತು. ಲಾಹೋರಿನವರು ರಾಯಣ್ಣನನ್ನು ನೆನೆದು ಈ ದಿನವನ್ನು ಗೊತ್ತುಮಾಡಿದವರಲ್ಲವೆಂಬುದು ತಂದೆಯವರಿಗೂ ಗೊತ್ತಿದ್ದಿತು. ಅವರು ಅದನ್ನು ಲಕ್ಷ್ಯಕ್ಕೆ ತಂದವರಲ್ಲ.

2001ರಲ್ಲಿ ಇದೇ ದಿನ ಬೆಳಿಗ್ಗೆ ಕಚ್ಛದಲ್ಲಿ ಭೂಮಿಯು ನಡುಗಿ, ಅಂಜಾರಿನ ಇಕ್ಕಟ್ಟಾದ ಬೀದಿಯಲ್ಲಿ ಮೆರವಣಿಗೆ ಹೊರಟಿದ್ದ 185 ಮಂದಿ ಮಕ್ಕಳೂ 20 ಮಂದಿ ಉಪಾಧ್ಯಾಯರೂ ಕಟ್ಟಡಗಳಡಿಯಲ್ಲಿ ಮಡಿದರು. ಮರುವರ್ಷದಿಂದ ತಂದೆಯವರು ಮಿಠಾಯಿ ಹಂಚುವ ಮೊದಲು ಮಕ್ಕಳನ್ನು ಒಂದು ಗಳಿಗೆ ಸುಮ್ಮನೆ ನಿಲ್ಲಿಸುತ್ತಿದ್ದರು.

ಅವರು ತೀರಿಕೊಂಡುದೂ ಒಂದು ಜನವರಿ 26ರ ನಸುಕಿನಲ್ಲಿಯೇ. ಇಸ್ತ್ರಿ ಮಾಡಿದ ಬಿಳಿಯ ಅಂಗಿ ಕುರ್ಚಿಯ ಮೇಲಿದ್ದಿತು. ತಿಥಿ ಪುಷ್ಯ ಬಹುಳ ಷಷ್ಠಿ. ಶ್ರಾದ್ಧವು ತಿಥಿಯನ್ನು ಹಿಡಿದು ನಡೆಯತಕ್ಕುದಾದುದರಿಂದ, ಒಂದು ವರ್ಷ ಅದು ಸಂಕ್ರಾಂತಿಗೂ ಮುಂಚೆಯೇ ಬರುವುದು. ಇನ್ನೊಂದು ವರ್ಷ ಫೆಬ್ರವರಿಯ ಹೊಸ್ತಿಲಿಗೆ ಹೋಗಿ ನಿಲ್ಲುವುದು. ಪಿಂಡವನ್ನಿಟ್ಟು, ಬ್ರಾಹ್ಮಣರ ಊಟವಾಗಿ, ಎಲ್ಲವೂ ಕ್ರಮವಾಗಿ ನೆರವೇರುವುದು. ಶಾಸ್ತ್ರದಲ್ಲಿ ನಮಗೇನೂ ಕೊರತೆಯಿಲ್ಲ. ಆದರೂ ತಾರೀಖಿನ ದಿನ ಬೀದಿಯಲ್ಲಿ ಮಕ್ಕಳ ಘೋಷ ಕೇಳಿಸಿದೊಡನೆ ತಾಯಿಯವರು ಒಳಮನೆಯ ಬಾಗಿಲನ್ನು ಮುಂದೆ ಮಾಡಿಕೊಳ್ಳುವರು.

ಮೊದಲ ವರ್ಷದ ಶ್ರಾದ್ಧವು ಮುಗಿದು ಹತ್ತು ಹನ್ನೊಂದು ದಿನಗಳಾಗಿದ್ದುವು. ನಮ್ಮ ಚಿಕ್ಕ ಮಗನು ಶಾಲೆಯಲ್ಲಿ ಕೊಟ್ಟ ಲಾಡನ್ನು ಬೆನ್ನ ಹಿಂದೆ ಮರೆಮಾಡಿಕೊಂಡು ಬಾಗಿಲಲ್ಲಿಯೇ ನಿಂತನು. ಈ ದಿನ ಮನೆಯಲ್ಲಿ ಸಿಹಿ ತಿನ್ನಬಹುದೋ ಬಾರದೋ ಅವನಿಗೆ ತಿಳಿಯದು. ನಿಜವಾಗಿ ನಮಗೂ ತಿಳಿಯದು. ತಾಯಿಯವರು ಹೊರಕ್ಕೆ ಬಂದು, "ರಾಯಣ್ಣನ ಕಥೆ ಯಾರಾದರೂ ಹೇಳಿದರೇನೋ?" ಎಂದು ಕೇಳಿದರು. ಇಲ್ಲವೆಂದು ಅವನು ತಲೆಯಾಡಿಸಿದನು. ಅವರು ಲಾಡನ್ನು ಮುರಿದು ಅರ್ಧವನ್ನು ತಾವೇ ಬಾಯಿಗೆ ಹಾಕಿಕೊಂಡು, ಅವನನ್ನು ಪಕ್ಕದಲ್ಲಿ ಕುಳ್ಳಿರಿಸಿಕೊಂಡು ಪ್ರಾರಂಭಿಸಿದರು. ಅವರು ಎಂದೂ ಶಾಲೆಯ ಅಂಗಳದೊಳಕ್ಕೆ ಹೋದವರಲ್ಲ. ಬೇಲಿಯ ಈಚೆಗೆ ನಿಂತು ಮೂವತ್ತು ವರ್ಷ ಕೇಳಿದ್ದರೆಂಬುದು ನಮಗೆ ಅಂದೇ ತಿಳಿದುದು. ಒಂದು ಮಾತೂ ಹೆಚ್ಚುಕಡಮೆಯಾಗಲಿಲ್ಲ.

ತೊಟ್ಟಿಲುಗಳ ಮಾತು ಮುಗಿದ ಮೇಲೆ ಹುಡುಗನು, "ಆ ಮರವನ್ನು ನೋಡಬಹುದೇ?" ಎಂದನು. ತಾಯಿಯವರು ನಮ್ಮ ಕಡೆಗೆ ನೋಡಿದರು. ಬೇಸಗೆಯ ರಜದಲ್ಲಿ ಹೋಗೋಣವೆಂದೆವು. ಎರಡು ಬೇಸಗೆಗಳು ಕಳೆದುವು, ಇನ್ನೂ ಹೋಗಿಲ್ಲ.