ತಂಪು ಎಲ್ಲರಿಗೆ, ಭಾರ ಒಬ್ಬರಿಗೆ

ಕಾರಿನೊಳಗಿನ ಸೌಕರ್ಯಗಳೆಲ್ಲ ಒಂದೇ ಜಾತಿಯವಲ್ಲ. ಕೆಲವು ಕುಳಿತವರೆಲ್ಲರಿಗೂ ಸಲ್ಲುತ್ತವೆ. ಕೆಲವು ನಡೆಸುವವನೊಬ್ಬನಿಗೆ ಮಾತ್ರ ಸಲ್ಲುತ್ತವೆ. ಏರ್ ಕಂಡೀಷನ್ ಮೊದಲನೆಯ ಜಾತಿಯದು, ಪವರ್ ಸ್ಟೀರಿಂಗು ಎರಡನೆಯದು. ತರ್ಕಶಾಸ್ತ್ರದ ತರಗತಿಯಲ್ಲಿ ಕಲಿಯಬಹುದಾಗಿದ್ದ ಈ ವಿಭಾಗಕ್ರಮವನ್ನು ನಾನು ಕಲಿತದ್ದು ನಮ್ಮ ಸೋದರಮಾವನ ಹಳೆಯ ಕಾರಿನಿಂದ.

ಮಾವನ ಮನೆ ಚಾಮರಾಜಪೇಟೆಯಲ್ಲಿದೆ. 1892ರಲ್ಲಿ ಹುಟ್ಟಿದ ಬಡಾವಣೆ ಅದು. ಅಲ್ಲಿನ ಅಡ್ಡರಸ್ತೆಗಳಿಗೆ ಅಳತೆ ಹಾಕಿದವರ ಮನಸ್ಸಿನಲ್ಲಿ ಜಟಕಾಗಾಡಿ ಇದ್ದಿರಬೇಕು, ಮೋಟಾರಂತೂ ಇರಲಿಲ್ಲ. ಮಾವನ ಕಾರಿಗೆ ಇಪ್ಪತ್ತು ವರ್ಷ ದಾಟಿದೆ. ಕಳೆದ ಬೇಸಗೆಯಲ್ಲಿ ಅದರ ಸ್ಟೀರಿಂಗ್ ಪಂಪಿನಿಂದ ಎಣ್ಣೆ ಸೋರತೊಡಗಿತು. ಹೊಸ ಪಂಪಿಗಾಗಿ ಜೆ. ಸಿ. ರಸ್ತೆಯ ಅಂಗಡಿಗಳನ್ನೆಲ್ಲ ಸುತ್ತಿದರು. ಕೆಲವರಲ್ಲಿ ಮಾಲೇ ಇರಲಿಲ್ಲ. ಒಬ್ಬರಲ್ಲಿ ಇದ್ದುದರ ಬೆಲೆ ಕೇಳಿ ಮಾವ ಸುಮ್ಮನೆ ಮನೆಗೆ ಬಂದರು.

ಮನೆಯಲ್ಲಿ ಸಭೆ ಸೇರಿತು. "ಎರಡನ್ನೂ ತೆಗೆಸಿಬಿಡಿ, ಬೆಂಗಳೂರಿಗೆ ಏರ್ ಕಂಡೀಷನ್ ಯಾಕೆ?" ಎಂದರು ಹಿರಿಯರೊಬ್ಬರು. ಅವರ ನೆನಪಿನ ಬೆಂಗಳೂರಿಗೆ ಬೇಡವೇನೋ ಸರಿ. ಆದರೆ 2016ರ ಏಪ್ರಿಲ್ ತಿಂಗಳಲ್ಲಿ ಇದೇ ಊರಿನಲ್ಲಿ ಬಿಸಿಲು 39.2 ಡಿಗ್ರಿ ಸೆಲ್ಸಿಯಸ್ ಮುಟ್ಟಿ, 1931ರ 38.9 ಡಿಗ್ರಿಯ ದಾಖಲೆಯನ್ನು ಮುರಿಯಿತು. ಅದಕ್ಕಿಂತ ದೊಡ್ಡ ಕಾರಣ ನಮ್ಮ ಅಜ್ಜಿ. ಅವರಿಗೆ ಉಬ್ಬಸ. ಆಸ್ಪತ್ರೆಗೆ ಹೋಗಬೇಕೆಂದರೆ ಮಾರುಕಟ್ಟೆಯ ಧೂಳನ್ನೂ ಹೊಗೆಯನ್ನೂ ದಾಟಿ ಹೋಗಬೇಕು. ಕಿಟಕಿ ತೆರೆದರೆ ಕೆಮ್ಮು, ಮುಚ್ಚಿದರೆ ಬೇಗೆ. ಮಾವ ಹೇಳಿದ್ದು ಒಂದೇ ಮಾತು: "ಅಮ್ಮನಿಗೆ ತಂಪು ಇರಲಿ. ಸ್ಟೀರಿಂಗಿಗೆ ನನ್ನ ತೋಳಿದೆ."

ಹೇಳುವುದು ಸುಲಭ, ಮಾಡುವುದು ಅಷ್ಟು ಸುಲಭವಲ್ಲವೆಂದು ಮೆಕ್ಯಾನಿಕ್ಕು ತಿಳಿಸಿಕೊಟ್ಟರು. ಎಂಜಿನ್ನಿನ ಮುಂದೆ ಸುತ್ತುವ ರಬ್ಬರ್ ಬೆಲ್ಟೊಂದು ಆ ಕಾರಿನಲ್ಲಿ ಎರಡು ಯಜಮಾನರ ಆಳು: ಸ್ಟೀರಿಂಗಿನ ಪಂಪನ್ನೂ ಅದೇ ತಿರುಗಿಸಬೇಕು, ತಂಪುಗಾಳಿಯ ಕಂಪ್ರೆಸರನ್ನೂ ಅದೇ ತಿರುಗಿಸಬೇಕು. ಪಂಪನ್ನು ಕಿತ್ತರೆ ಬೆಲ್ಟಿನ ದಾರಿಯಲ್ಲಿ ಒಂದು ತಿರುವು ಇಲ್ಲವಾಗುತ್ತದೆ. ಬೆಲ್ಟು ಸಡಿಲವಾಗಿ ಜಾರಿ ಕೀರಲುಗುಟ್ಟುತ್ತದೆ, ತಂಪೂ ಕೈಕೊಡುತ್ತದೆ. ಆದುದರಿಂದ ಪಂಪಿದ್ದ ಕಡೆ ಬರಿದೆ ಸುತ್ತುವ ರಾಟೆಯೊಂದನ್ನು ಕೂರಿಸಬೇಕು. ಇಲ್ಲವೇ ಸರಿಯಾದ ಅಳತೆಯ ಗಿಡ್ಡ ಬೆಲ್ಟು ಹಾಕಿ, ಕಂಪ್ರೆಸರಿನ ರಾಟೆಯನ್ನು ಅದು ಸಾಕಷ್ಟು ತಬ್ಬಿ ಹಿಡಿಯುವಂತೆ ಬಿಗಿಮಾಡಬೇಕು.

ಅಲ್ಲಿಗೂ ಮುಗಿಯಲಿಲ್ಲ. ಎಣ್ಣೆಯ ಒತ್ತಡವನ್ನು ನಂಬಿ ಮಾಡಿದ ಸ್ಟೀರಿಂಗ್ ರ‍್ಯಾಕಿನ ಹಲ್ಲುಗಳ ಲೆಕ್ಕವೇ ಬೇರೆ. ಚಕ್ರವನ್ನು ಕಡಿಮೆ ಸುತ್ತಿಗೆ ಹೆಚ್ಚು ತಿರುಗಿಸುವಂಥದು ಅದು. ಸಹಾಯ ತಪ್ಪಿದಾಗ ಆ ಚುರುಕೇ ಭಾರವಾಗುತ್ತದೆ. ಜೊತೆಗೆ ಒಳಗೆ ಉಳಿದ ಎಣ್ಣೆಯನ್ನೂ ಕೈಯೇ ತಳ್ಳಬೇಕು. ಮೊದಲಿನಿಂದಲೂ ಕೈಬಲಕ್ಕೆಂದೇ ಮಾಡಿದ ರ‍್ಯಾಕು ಹೆಚ್ಚು ಸುತ್ತು ಕೇಳುತ್ತದೆ, ಕಡಿಮೆ ಬಲ ಕೇಳುತ್ತದೆ. ಅದೇ ಮಾದರಿಯ ಅಗ್ಗದ ಕಾರುಗಳಿಗೆ ತಯಾರಕರೇ ಹಾಕುತ್ತಿದ್ದ ಅಂಥ ರ‍್ಯಾಕನ್ನು ಹುಡುಕಿ ತಂದದ್ದರಿಂದ ಮಾವನ ತೋಳು ಉಳಿಯಿತು.

ಇದೇನೂ ವಿಚಿತ್ರ ಜೋಡಣೆಯಲ್ಲ. ಅಮೆರಿಕದ ಪ್ಯಾಕರ್ಡ್ ಕಾರಿಗೆ ತಂಪುಯಂತ್ರ ಬಂದದ್ದು 1940ರ ಮಾದರಿಯಲ್ಲಿ. ಕ್ರೈಸ್ಲರ್ ಕಂಪನಿ ಪವರ್ ಸ್ಟೀರಿಂಗನ್ನು ಮಾರಾಟಕ್ಕೆ ತಂದದ್ದು 1951ರಲ್ಲಿ. ನಮ್ಮಲ್ಲಿಯೂ 1983ರಲ್ಲಿ ಬಂದ ಮಾರುತಿ 800 ಎಷ್ಟೋ ಮನೆಗಳಿಗೆ ತಂಪನ್ನು ಕೊಟ್ಟಿತು, ಸ್ಟೀರಿಂಗನ್ನು ಮಾತ್ರ ಕೈಗೇ ಬಿಟ್ಟಿತು. ಅನಂತರದ ಆಲ್ಟೋ ಕಾರಿನ ಎಲ್‌ಎಕ್ಸ್ ಮಾದರಿಗೆ ತಂಪು ಮಾತ್ರ, ಎಲ್‌ಎಕ್ಸ್‌ಐ ಮಾದರಿಗೆ ಎರಡೂ. ಸ್ವಲ್ಪ ಹಣದ ಅಂತರದಲ್ಲಿ ಮೊದಲು ಕೈಬಿಟ್ಟುಹೋಗುತ್ತಿದ್ದುದು ನಡೆಸುವವನ ಸುಖ.

ಈಗ ಮಾವನಿಗೆ ಅರವತ್ತೆರಡು. ಕಾರು ಉರುಳತೊಡಗಿದ ಮೇಲೆ ಸ್ಟೀರಿಂಗು ಹಗುರವೇ. ಬುಲ್ ಟೆಂಪಲ್ ರಸ್ತೆಯ ಉದ್ದಕ್ಕೂ ಏನೂ ತೊಂದರೆಯಿಲ್ಲ. ಕಷ್ಟವೆಲ್ಲ ನಿಂತಲ್ಲಿ ತಿರುಗಿಸುವಾಗ. ನಿಂತ ಟೈರು ಉರುಳದೆ ನೆಲವನ್ನು ಉಜ್ಜುತ್ತದೆ, ಆ ಉಜ್ಜುವಿಕೆಯಷ್ಟೂ ತೋಳಿಗೆ ಬರುತ್ತದೆ. ಗಾಂಧಿ ಬಜಾರಿನಲ್ಲಿ ಎರಡು ಕಾರುಗಳ ನಡುವೆ ನುಸುಳಿಸುವಾಗ ಹಿಂದೆ ಕುಳಿತ ನಾವು "ಆಹಾ, ಎಷ್ಟು ತಂಪು!" ಎನ್ನುತ್ತಿರುತ್ತೇವೆ, ಆ ತಂಪಿನಲ್ಲಿಯೂ ಒಬ್ಬರ ಹಣೆಯ ಮೇಲೆ ಮಾತ್ರ ಬೆವರು. ಅಮ್ಮ ಅದನ್ನು ಗಮನಿಸಿದ್ದಾಳೆ. "ಇನ್ನೆಷ್ಟು ವರ್ಷ ಈ ತೋಳು?" ಎಂದು ಆಗಾಗ ಕೇಳುತ್ತಾಳೆ. ಮಾವ "ಅಮ್ಮ ಇರುವಷ್ಟು ವರ್ಷ" ಎನ್ನುತ್ತಾರೆ. ಆಮೇಲೆ ಇಬ್ಬರೂ ಮಾತು ಬೆಳೆಸುವುದಿಲ್ಲ.

ಸಂಸಾರಗಳಲ್ಲಿ ಮಿತವ್ಯಯವೆಂದು ಕರೆಯುವುದು ಅನೇಕ ವೇಳೆ ಇದೇ: ಖರ್ಚು ಇಲ್ಲವಾಗುವುದಿಲ್ಲ, ಒಬ್ಬರ ಮೈಮೇಲೆ ಹೋಗಿ ಕೂರುತ್ತದೆ. ಯಾರ ಮೈಮೇಲೆ ಎಂಬುದನ್ನು ಉಳಿದವರು ತಿಳಿದಿರಬೇಕು. ನಾನಂತೂ ಈಗ ಡ್ರೈವಿಂಗ್ ಲೈಸೆನ್ಸಿಗೆ ಅರ್ಜಿ ಹಾಕಿದ್ದೇನೆ; ಆಸ್ಪತ್ರೆಯ ದಾರಿಯಲ್ಲಿ ಅರ್ಧವನ್ನಾದರೂ ನನ್ನ ತೋಳು ಹೊರಲಿ ಎಂಬುದು ಆಸೆ.

ಸ್ಕೂಟರಿನಲ್ಲಿ ಕಾಲೇಜಿಗೆ ಬರುವ ಸಹಪಾಠಿಗಳಲ್ಲಿ ಒಂದೇ ವಿನಂತಿ. ಚಾಮರಾಜಪೇಟೆಯ ಅಡ್ಡರಸ್ತೆಯಲ್ಲಿ ಹಳೆಯ ಕಾರೊಂದು ಹಿಂದಕ್ಕೂ ಮುಂದಕ್ಕೂ ಮೂರು ಬಾರಿ ಆಡಿ ತಿರುಗುತ್ತಿದ್ದರೆ ದಯವಿಟ್ಟು ಹಾರನ್ ಒತ್ತಬೇಡಿ. ಅರ್ಧ ನಿಮಿಷ ತಡೆಯಿರಿ; ಅದು ತಿರುಗುತ್ತದೆ.